ಕುತ್ತಿಗೆಯ ಕಪ್ಪು, ತಪ್ಪಿದ ಮುಟ್ಟು: ಪಿಸಿಒಎಸ್ ಮತ್ತು ಇನ್ಸುಲಿನ್ ಪ್ರತಿರೋಧ

(ಪದವಿ ಕಾಲೇಜೊಂದರಲ್ಲಿ ವಿದ್ಯಾರ್ಥಿನಿಯರಿಗೂ ಅವರ ತಾಯಂದಿರಿಗೂ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮುಟ್ಟು ಸರಿಯಾಗಿ ಆಗುತ್ತಿಲ್ಲವೆಂದು ನನ್ನ ಬಳಿಗೆ ಬರುವ ಹುಡುಗಿಯರ ಕುತ್ತಿಗೆಯ ಹಿಂಭಾಗವನ್ನು ನಾನು ಮೊದಲು ನೋಡುತ್ತೇನೆ. ಸ್ಕ್ಯಾನಿಂಗ್ ವರದಿಯ ಲಕೋಟೆಯನ್ನು ಮುಂದಕ್ಕೆ ಚಾಚಿ ಕುಳಿತಿರುವ ತಾಯಂದಿರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಒಮ್ಮೆ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳ ಜಡೆಯನ್ನು ಪಕ್ಕಕ್ಕೆ ಸರಿಸಿದಾಗ ಅಲ್ಲಿ ಕಪ್ಪಾಗಿ, ದಪ್ಪಗಾಗಿ, ಮುಟ್ಟಿದರೆ ಮಖಮಲ್ಲಿನಂತೆ ತೋರುವ ಚರ್ಮವಿತ್ತು; ಅದರ ಮೇಲೆ ಅಲ್ಲಲ್ಲಿ ಕೆಂಪಗೆ ತರಚಿದ ಗೆರೆಗಳೂ ಇದ್ದವು. "ಎಷ್ಟು ಉಜ್ಜಿದರೂ ಹೋಗಲ್ಲ ಮೇಡಂ, ಕಡಲೆಹಿಟ್ಟು, ನಿಂಬೆಹಣ್ಣು ಎಲ್ಲಾ ಆಯ್ತು, ಕೊನೆಗೆ ನಾನೇ ಕೂರಿಸಿಕೊಂಡು ಉಜ್ಜಿದೆ, ಸ್ನಾನಾನೇ ಸರಿಯಾಗಿ ಮಾಡಲ್ಲ ಇವಳು" ಎಂದು ತಾಯಿ ಹೇಳುತ್ತಿದ್ದಾಗ ಆ ಹುಡುಗಿ ತಲೆ ಎತ್ತಲಿಲ್ಲ. ಆ ಕಪ್ಪು ಕೊಳೆಯಲ್ಲ. ರಕ್ತದಲ್ಲಿ ಇನ್ಸುಲಿನ್ ಬಹಳ ಕಾಲ ಹೆಚ್ಚಾಗಿ ಹರಿದಾಡಿದಾಗ ಅದು ಚರ್ಮದ ಜೀವಕೋಶಗಳನ್ನೂ ಬೆಳೆಯುವಂತೆ ಪ್ರಚೋದಿಸುತ್ತದೆ. ಕುತ್ತಿಗೆ, ಕಂಕುಳು, ತೊಡೆಯ ಸಂದುಗಳಲ್ಲಿ ಚರ್ಮ ಹೀಗೆ ದಪ್ಪವಾಗಿ ಕಪ್ಪಾಗುತ್ತದೆ. ಆ ಹುಡುಗಿಯ ತಪ್ಪಿದ ಮುಟ್ಟಿಗೂ, ಗಲ್ಲದ ಮೇಲಿನ ಕೂದಲಿಗೂ, ಈ ಕಪ್ಪಿಗೂ ಇರುವ ನಂಟನ್ನು ಬಿಡಿಸಿ ಹೇಳುವುದೇ ಇಂದಿನ ನನ್ನ ಮಾತಿನ ಉದ್ದೇಶ.

ಮೊದಲು ಹೆಸರಿನ ತೊಡಕನ್ನು ಬಿಡಿಸಿಕೊಳ್ಳೋಣ. ನಮ್ಮಲ್ಲಿ ಪಿಸಿಒಡಿ ಎಂದು ಕರೆಯುವ, ವೈದ್ಯಕೀಯ ಬರಹಗಳಲ್ಲಿ ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂದರೆ ಹಲವು ಗುಳ್ಳೆಗಳ ಅಂಡಾಶಯ) ಎಂದಿರುವ ಈ ತೊಂದರೆಯನ್ನು 1935ರಲ್ಲಿ ಷಿಕಾಗೋದ ಸ್ತ್ರೀರೋಗ ತಜ್ಞರಾದ ಸ್ಟೈನ್ ಮತ್ತು ಲೆವೆಂತಾಲ್ ಏಳು ಮಹಿಳೆಯರನ್ನು ಪರೀಕ್ಷಿಸಿ ವರ್ಣಿಸಿದರು. ಅವರ ಕಣ್ಣಿಗೆ ಬಿದ್ದದ್ದು ದೊಡ್ಡದಾದ, ಸಣ್ಣ ಸಣ್ಣ ನೀರುಗುಳ್ಳೆಗಳು ತುಂಬಿದ ಅಂಡಾಶಯ. ಹೀಗಾಗಿ ಕಾಯಿಲೆಯ ಹೆಸರಿನಲ್ಲಿ ಗುಳ್ಳೆ ಸೇರಿಕೊಂಡಿತು. ಅದು ಕನ್ನಡಕ್ಕೆ ಬರುವಷ್ಟರಲ್ಲಿ ಗಡ್ಡೆಯೂ ಆಯಿತು. "ನನ್ನ ಮಗಳ ಗರ್ಭಕೋಶದಲ್ಲಿ ಗಡ್ಡೆಗಳಿವೆಯಂತೆ" ಎಂದು ಅಳುತ್ತಾ ಬಂದ ತಾಯಂದಿರನ್ನು ನಾನು ಲೆಕ್ಕವಿಲ್ಲದಷ್ಟು ಸಲ ಸಮಾಧಾನಪಡಿಸಿದ್ದೇನೆ. ಸ್ಕ್ಯಾನಿಂಗ್‌ನಲ್ಲಿ ಕಾಣುವ ಆ ಗುಳ್ಳೆಗಳು ಗರ್ಭಕೋಶದಲ್ಲಿರುವುದಿಲ್ಲ, ಗಡ್ಡೆಗಳೂ ಅಲ್ಲ. ಪ್ರತಿ ತಿಂಗಳೂ ಬೆಳೆದು ಅಂಡವನ್ನು ಹೊರಬಿಡಬೇಕಾಗಿದ್ದ ಪುಟ್ಟ ಅಂಡಕೋಶಿಕೆಗಳು, ಕೆಲವೇ ಮಿಲಿಮೀಟರ್ ಬೆಳೆದು, ಅರ್ಧದಾರಿಯಲ್ಲಿ ನಿಂತುಬಿಟ್ಟಿವೆ, ಅಷ್ಟೆ. ಅವು ಕ್ಯಾನ್ಸರ್ ಆಗುವುದಿಲ್ಲ, ಅವನ್ನು ಕತ್ತರಿಸಿ ತೆಗೆಯಬೇಕಾಗಿಯೂ ಇಲ್ಲ. ಅವು ಏಕೆ ನಿಂತವು ಎಂದು ಕೇಳುತ್ತಾ ಹೋದರೆ, ಪಿಸಿಒಎಸ್ ಇರುವ ಬಹುಪಾಲು ಮಹಿಳೆಯರಲ್ಲಿ ನಾವು ಅಂಡಾಶಯದಿಂದ ಹೊರಬಂದು, ಊಟದ ತಟ್ಟೆ, ಸ್ನಾಯು, ಪಿತ್ತಜನಕಾಂಗಗಳವರೆಗೆ ಹೋಗಬೇಕಾಗುತ್ತದೆ.

ಇನ್ಸುಲಿನ್ ಎಂದೊಡನೆ ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಔಷಧ ಎಂಬ ಚಿತ್ರ ಮನಸ್ಸಿಗೆ ಬರುತ್ತದೆ. ಅದು ನಮ್ಮೆಲ್ಲರ ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಹಾರ್ಮೋನು. ಉಂಡ ಅನ್ನ, ಮುದ್ದೆ ಜೀರ್ಣವಾಗಿ ಗ್ಲೂಕೋಸ್ ರಕ್ತಕ್ಕೆ ಬಂದಾಗ ಇನ್ಸುಲಿನ್ ಸ್ನಾಯುಗಳಿಗೆ ಅದನ್ನು ಒಳಗೆ ತೆಗೆದುಕೊಳ್ಳುವಂತೆ ಹೇಳುತ್ತದೆ, ಪಿತ್ತಜನಕಾಂಗಕ್ಕೆ ಸದ್ಯ ಹೊಸದಾಗಿ ಸಕ್ಕರೆ ತಯಾರಿಸಬೇಡ ಎನ್ನುತ್ತದೆ, ಕೊಬ್ಬಿನ ಕೋಶಗಳಿಗೆ ಕೊಬ್ಬನ್ನು ಹೊರಗೆ ಬಿಡಬೇಡ ಎನ್ನುತ್ತದೆ. ಎಲ್ಲರ ದೇಹವೂ ಈ ಮಾತನ್ನು ಒಂದೇ ರೀತಿಯಲ್ಲಿ ಕೇಳುವುದಿಲ್ಲವೆಂಬುದನ್ನು 1936ರಲ್ಲಿ ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ತೋರಿಸಿದರು: ಸಕ್ಕರೆ ಕಾಯಿಲೆಯವರಿಗೆ ಗ್ಲೂಕೋಸನ್ನೂ ಇನ್ಸುಲಿನ್ನನ್ನೂ ಒಟ್ಟಿಗೆ ಕೊಟ್ಟಾಗ ಕೆಲವರಲ್ಲಿ ಸಕ್ಕರೆ ಏರದಂತೆ ತಡೆಯಾಯಿತು, ಇನ್ನು ಕೆಲವರಲ್ಲಿ ಅಷ್ಟೇ ಇನ್ಸುಲಿನ್‌ಗೆ ದೇಹ ಕಿವಿಗೊಡಲೇ ಇಲ್ಲ. ಹೀಗೆ ಕಿವಿಗೊಡದ ಸ್ಥಿತಿಯೇ ಇನ್ಸುಲಿನ್ ಪ್ರತಿರೋಧ.

ಹೇಳಿದ ಮಾತು ಕೇಳಿಸದಿದ್ದರೆ ನಾವು ಮಾಡುವುದನ್ನೇ ಮೇದೋಜೀರಕ ಗ್ರಂಥಿಯೂ ಮಾಡುತ್ತದೆ. ಇನ್ನೂ ಗಟ್ಟಿಯಾಗಿ ಹೇಳುತ್ತದೆ. ಒಂದು ಪಾಲು ಇನ್ಸುಲಿನ್ ಸಾಕಾಗುವ ಕಡೆ ಎರಡು, ಮೂರು ಪಾಲು ಸುರಿಸುತ್ತದೆ. ಪರಿಣಾಮವಾಗಿ ರಕ್ತದ ಸಕ್ಕರೆ ಹತೋಟಿಯಲ್ಲಿಯೇ ಉಳಿಯುತ್ತದೆ, ಪ್ರಯೋಗಾಲಯದ ವರದಿಯಲ್ಲಿ ಎಲ್ಲವೂ ಸರಿಯಾಗಿದೆ ಎಂದೇ ಬರುತ್ತದೆ. ಆ ವರದಿ ಸುಳ್ಳಲ್ಲ. ಆದರೆ ಆ ಸಂಖ್ಯೆಯನ್ನು ಅಷ್ಟರಲ್ಲಿ ಇಟ್ಟುಕೊಳ್ಳಲು ದೇಹ ಎಷ್ಟು ದುಡಿಯುತ್ತಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಈ ದುಡಿಮೆ ವರ್ಷಗಟ್ಟಲೆ ಸಾಗಿ, ಗ್ರಂಥಿ ಸೋತ ದಿನ ಸಕ್ಕರೆ ಏರುತ್ತದೆ.

ಇನ್ನು ಅಂಡಾಶಯದ ಕಡೆಗೆ ಬರೋಣ. ಇಲ್ಲಿರುವ ಒಗಟು ನನ್ನನ್ನು ವೈದ್ಯಕೀಯ ವಿದ್ಯಾರ್ಥಿನಿಯಾಗಿದ್ದ ದಿನಗಳಿಂದಲೂ ಕಾಡಿದೆ. ಸ್ನಾಯುವಿಗೆ ಇನ್ಸುಲಿನ್ನಿನ ಮಾತು ಕೇಳಿಸದಿದ್ದರೆ ಅಂಡಾಶಯಕ್ಕೂ ಕೇಳಿಸಬಾರದಲ್ಲವೇ? ವಾಸ್ತವದಲ್ಲಿ ಅಂಡಾಶಯದ ಕಿವಿ ಚೆನ್ನಾಗಿಯೇ ಇದೆ. ಮನೆಯಲ್ಲಿ ಕಿವಿ ಮಂದವಾದ ಅಜ್ಜನಿಗೆ ಕೇಳಲೆಂದು ಕೂಗಿ ಮಾತನಾಡಿದರೆ ತೊಟ್ಟಿಲಲ್ಲಿ ಮಲಗಿದ್ದ ಮಗು ಬೆಚ್ಚಿ ಏಳುತ್ತದೆ. ಸ್ನಾಯುವಿಗಾಗಿ ಏರಿದ ಇನ್ಸುಲಿನ್ ಅಂಡಾಶಯವನ್ನು ಹಾಗೆ ಕೆರಳಿಸುತ್ತದೆ. ಅಂಡಕೋಶಿಕೆಯ ಹೊರಪದರದ ಕೋಶಗಳು ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯಿಂದ ಬರುವ ಎಲ್‌ಎಚ್ ಎಂಬ ಹಾರ್ಮೋನಿನ ಅಪ್ಪಣೆಯಂತೆ ಟೆಸ್ಟೋಸ್ಟಿರೋನ್ ಮೊದಲಾದ ಪುರುಷ ಹಾರ್ಮೋನುಗಳನ್ನು ತಯಾರಿಸುತ್ತವೆ. ಇವು ಸ್ವಲ್ಪ ಪ್ರಮಾಣದಲ್ಲಿ ಎಲ್ಲ ಹೆಂಗಸರಲ್ಲಿಯೂ ಇರುತ್ತವೆ, ಇರಲೂಬೇಕು. ಸ್ತ್ರೀ ಹಾರ್ಮೋನಾದ ಈಸ್ಟ್ರೊಜೆನ್ ತಯಾರಾಗುವುದೇ ಅವುಗಳಿಂದ. ಇನ್ಸುಲಿನ್ ಹೆಚ್ಚಾದಾಗ ಅದು ಎಲ್‌ಎಚ್ ಜೊತೆಗೆ ಕೈಜೋಡಿಸಿ ಈ ತಯಾರಿಕೆಯನ್ನು ಹೆಚ್ಚಿಸುತ್ತದೆ. ಅದೇ ಹೊತ್ತಿಗೆ ಪಿತ್ತಜನಕಾಂಗದಲ್ಲಿ, ರಕ್ತದಲ್ಲಿನ ಟೆಸ್ಟೋಸ್ಟಿರೋನನ್ನು ಹಿಡಿದಿಟ್ಟುಕೊಳ್ಳುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನಿನ ಉತ್ಪಾದನೆಯನ್ನು ಕಡಿಮೆ ಮಾಡುತ್ತದೆ. ಹೀಗೆ ಒಂದು ಕಡೆ ತಯಾರಿಕೆ ಹೆಚ್ಚಿ, ಇನ್ನೊಂದು ಕಡೆ ಹಿಡಿತ ತಪ್ಪಿ, ಬಿಡಿಯಾಗಿ ಓಡಾಡುವ ಟೆಸ್ಟೋಸ್ಟಿರೋನ್ ಏರುತ್ತದೆ. ಮುಖದ ಮೇಲೆ ಗಟ್ಟಿ ಕೂದಲು, ಮಾಗದ ಮೊಡವೆ, ನೆತ್ತಿಯಲ್ಲಿ ತೆಳುವಾಗುವ ಕೂದಲು ಇವೆಲ್ಲ ಅಲ್ಲಿಂದ ಬರುತ್ತವೆ; ಕೋಶಿಕೆಗಳು ಅರ್ಧದಾರಿಯಲ್ಲಿ ನಿಂತು, ಅಂಡ ಬಿಡುಗಡೆಯಾಗದೆ, ಮುಟ್ಟು ತಪ್ಪುವುದೂ ಹೆಚ್ಚುಮಟ್ಟಿಗೆ ಅಲ್ಲಿಂದಲೇ.

ಇದು ತಿಳಿದ ಬಗೆ ಒಂದೇ ದಿನದ್ದಲ್ಲ. 1921ರಲ್ಲಿ ಪ್ಯಾರಿಸ್ಸಿನ ಅಶಾರ್ ಮತ್ತು ತಿಯೆರ್ಸ್ ಗಡ್ಡ ಬಂದ ಹೆಂಗಸರಲ್ಲಿನ ಸಕ್ಕರೆ ಕಾಯಿಲೆಯ ಬಗ್ಗೆ ಬರೆದಿದ್ದರು. ಎರಡಕ್ಕೂ ಇರುವ ಕೊಂಡಿ ಏನೆಂದು ಆಗ ತಿಳಿಯುವಂತಿರಲಿಲ್ಲ. 1976ರಲ್ಲಿ ಅಮೆರಿಕದ ರೊನಾಲ್ಡ್ ಕಾನ್ ಮತ್ತು ಸಂಗಡಿಗರು ತೀವ್ರ ಇನ್ಸುಲಿನ್ ಪ್ರತಿರೋಧವೂ ಕುತ್ತಿಗೆಯ ಕಪ್ಪೂ ಇದ್ದ ಆರು ಮಂದಿ ರೋಗಿಗಳನ್ನು ವರ್ಣಿಸಿದರು. ಅವರಲ್ಲಿನ ಕಿರಿಯ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಪುರುಷ ಲಕ್ಷಣಗಳೂ ಪಿಸಿಒಎಸ್‌ನಲ್ಲಿ ಕಾಣುವಂಥ ಅಂಡಾಶಯಗಳೂ ಇದ್ದವು. 1980ರಲ್ಲಿ ಬರ್ಗೆನ್, ಗಿವೆನ್ಸ್ ಮತ್ತು ಕಿತಾಬ್‌ಚಿ ಸಾಮಾನ್ಯ ಪಿಸಿಒಎಸ್ ಇರುವವರಲ್ಲಿಯೇ ಇನ್ಸುಲಿನ್ ಮತ್ತು ಪುರುಷ ಹಾರ್ಮೋನುಗಳು ಒಟ್ಟೊಟ್ಟಿಗೆ ಏರಿರುವುದನ್ನು ತೋರಿಸಿದರು. ಒಟ್ಟಿಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು, ಯಾವುದು ಮೊದಲು ಎಂಬ ಪ್ರಶ್ನೆ ಉಳಿದೇ ಇತ್ತು. ಆಗ ಜಾನ್ ನೆಸ್ಲರ್ ಮತ್ತು ಸಂಗಡಿಗರು ಸರಳವಾದ ಪ್ರಯೋಗವೊಂದನ್ನು ಮಾಡಿದರು. ಇನ್ಸುಲಿನ್ ಬಿಡುಗಡೆಯನ್ನು ತಡೆಯುವ ಡಯಾಜಾಕ್ಸೈಡ್ ಎಂಬ ಔಷಧವನ್ನು ಪಿಸಿಒಎಸ್ ಇದ್ದ ದಪ್ಪ ಮೈಯ ಮಹಿಳೆಯರಿಗೆ ಹತ್ತು ದಿನ ಕೊಟ್ಟರು. ಇನ್ಸುಲಿನ್ ಇಳಿದಾಗ ಟೆಸ್ಟೋಸ್ಟಿರೋನೂ ಇಳಿಯಿತು. 1989ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಇದ್ದವರು ಬೆರಳೆಣಿಕೆಯಷ್ಟು ಮಂದಿ, ಆ ಔಷಧ ಚಿಕಿತ್ಸೆಗೆ ಒಗ್ಗುವಂಥದ್ದೂ ಅಲ್ಲ, ಆದರೂ ಇಂದಿನ ತಿಳಿವಳಿಕೆ ನಿಂತಿರುವ ಕಂಬಗಳಲ್ಲಿ ಅದೂ ಒಂದೆಂದು ನಾನು ಎಣಿಸುತ್ತೇನೆ.

ಅದೇ 1989ರಲ್ಲಿ ಆಂಡ್ರಿಯಾ ಡ್ಯೂನೈಫ್ ಅವರ ತಂಡವು ಮತ್ತೊಂದು ಮುಖ್ಯ ಸಂಗತಿಯನ್ನು ತೋರಿಸಿತು. ಪಿಸಿಒಎಸ್ ಇರುವವರಲ್ಲಿ ಕಾಣುವ ಇನ್ಸುಲಿನ್ ಪ್ರತಿರೋಧವನ್ನು ಬರಿಯ ಬೊಜ್ಜಿನಿಂದ ವಿವರಿಸಲಾಗದು, ತೆಳ್ಳಗಿರುವವರಲ್ಲಿಯೂ ಅದು ಇರುತ್ತದೆ, ತೂಕ ಹೆಚ್ಚಿದ್ದರೆ ಎರಡೂ ಕೂಡಿಕೊಂಡು ಇನ್ನಷ್ಟು ಬಿಗಡಾಯಿಸುತ್ತದೆ. ಮುಂದೆ 1995ರಲ್ಲಿ ಇದೇ ತಂಡ, ಸುಮಾರು ಅರ್ಧದಷ್ಟು ಮಂದಿಯಲ್ಲಿ ಇನ್ಸುಲಿನ್ನಿನ ಮಾತನ್ನು ಕೇಳಿಸಿಕೊಳ್ಳುವ ಕೋಶದ ಕಿವಿಯಂತಿರುವ ಗ್ರಾಹಕದೊಳಗಿನ ಸಂದೇಶ ಸಾಗಣೆಯಲ್ಲಿಯೇ ದೋಷವಿರುವುದನ್ನು ಕಂಡಿತು. ಈ ಸಂಗತಿಯನ್ನು ಒತ್ತಿ ಹೇಳಲು ಕಾರಣವಿದೆ. "ತಿಂದು ತಿಂದು ಕೂತರೆ ಇನ್ನೇನಾಗುತ್ತೆ" ಎಂಬ ಮಾತನ್ನು ಈ ಹುಡುಗಿಯರು ಮನೆಯಲ್ಲೂ ಕೇಳುತ್ತಾರೆ, ನೆಂಟರ ಮದುವೆಯಲ್ಲೂ ಕೇಳುತ್ತಾರೆ, ದುಃಖದ ಸಂಗತಿಯೆಂದರೆ ಕೆಲವೊಮ್ಮೆ ಆಸ್ಪತ್ರೆಯಲ್ಲೂ ಕೇಳುತ್ತಾರೆ. ಹೆಚ್ಚಿದ ಇನ್ಸುಲಿನ್ ತಾನೇ ಕೊಬ್ಬನ್ನು ಕೂಡಿಡುವ ಹಾರ್ಮೋನು. ಇಂಥ ದೇಹದಲ್ಲಿ ಬೇರೆಯವರಷ್ಟೇ ಉಂಡರೂ ಹೊಟ್ಟೆಯ ಸುತ್ತ ಬೊಜ್ಜು ಬರಬಹುದು, ಬೇರೆಯವರಷ್ಟೇ ಕಷ್ಟಪಟ್ಟರೂ ಅದು ಇಳಿಯದಿರಬಹುದು.

ತೆಳ್ಳಗಿರುವವರು ಎಂದೆನಲ್ಲ, ಅದು ನಮ್ಮ ದೇಶದವರಿಗೆ ಹೆಚ್ಚು ಅನ್ವಯಿಸುತ್ತದೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ತಮ್ಮದೇ ಚಿತ್ರ ಪ್ರಕಟಿಸಿದರು: ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಬಿಎಂಐ ಇಬ್ಬರದೂ 22.3. ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರ ದೇಹದಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ನೋಡಲು ಸಣಕಲು, ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ, ಇದು ದಕ್ಷಿಣ ಏಷ್ಯಾದವರ ದೇಹದ ಸ್ವಭಾವ. ಆದ್ದರಿಂದಲೇ ನಮ್ಮಲ್ಲಿ ಬಿಎಂಐ 25ರವರೆಗೆ ಕಾಯದೆ 23 ದಾಟಿದಾಗಲೇ ಎಚ್ಚರ ವಹಿಸುತ್ತೇವೆ. ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದೆಯೇ ಎಂದು ಟೇಪು ಹಿಡಿದು ನೋಡುತ್ತೇವೆ. ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ಇಲ್ಲಿ ಹೆಚ್ಚು ಹೇಳುತ್ತದೆ.

ಪತ್ತೆ ಹಚ್ಚುವ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. 2003ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಒಪ್ಪಿದ ಮಾನದಂಡದಂತೆ ಮೂರರಲ್ಲಿ ಎರಡು ಇದ್ದರೆ ಪಿಸಿಒಎಸ್ ಎನ್ನುತ್ತೇವೆ: ಅಂಡ ಬಿಡುಗಡೆ ಏರುಪೇರಾಗಿರುವುದು, ಪುರುಷ ಹಾರ್ಮೋನು ಹೆಚ್ಚಿರುವುದು, ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ಆ ಚಿತ್ರ ಕಾಣುವುದು. ಹಾಗೆನ್ನುವ ಮೊದಲು ಥೈರಾಯ್ಡ್, ಎದೆಹಾಲಿಗೆ ಸಂಬಂಧಿಸಿದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಮೊದಲಾದವುಗಳ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮೈನೆರೆದು ಎಂಟು ವರ್ಷ ಕಳೆಯದ ಹುಡುಗಿಯರಲ್ಲಿ ಸ್ಕ್ಯಾನಿಂಗ್ ಆಧಾರದ ಮೇಲೆ ಪಿಸಿಒಎಸ್ ಎನ್ನಬಾರದು, ಆ ವಯಸ್ಸಿನ ಆರೋಗ್ಯವಂತ ಅಂಡಾಶಯವೂ ಹಾಗೆಯೇ ಕಾಣುತ್ತದೆ. ಹದಿನೈದರ ಹುಡುಗಿಗೆ ಒಂದು ಸ್ಕ್ಯಾನ್ ಮಾಡಿಸಿ, ಈ ಹೆಸರು ಅಂಟಿಸಿ, ಮುಂದೆ ಮಕ್ಕಳಾಗುವುದೋ ಇಲ್ಲವೋ ಎಂದು ಹೆದರಿಸಿ ಕಳುಹಿಸುವುದನ್ನು ನಾನು ತೀರಾ ತಪ್ಪೆಂದು ತಿಳಿಯುತ್ತೇನೆ.

ಇನ್ಸುಲಿನ್ ಪ್ರತಿರೋಧವನ್ನು ಅಳೆಯಲು ಇನ್ಸುಲಿನ್ ಪರೀಕ್ಷೆ ಮಾಡಿಸಬೇಕೇ ಎಂದು ಹಲವರು ಕೇಳುತ್ತಾರೆ. ಬೇಕಾಗಿಲ್ಲ. ಒಂದು ಪ್ರಯೋಗಾಲಯದ ಅಳತೆ ಇನ್ನೊಂದಕ್ಕೆ ಸರಿಹೊಂದುವುದಿಲ್ಲ, ಬಂದ ಸಂಖ್ಯೆಯಿಂದ ಚಿಕಿತ್ಸೆ ಬದಲಾಗುವುದೂ ಅಪರೂಪ; 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಯೂ ದಿನನಿತ್ಯದ ಚಿಕಿತ್ಸೆಯಲ್ಲಿ ಅದನ್ನು ಶಿಫಾರಸು ಮಾಡುವುದಿಲ್ಲ. ಅದು ಕೇಳುವುದು ಬೇರೆಯದೇ ಪರೀಕ್ಷೆಯನ್ನು. ರಾತ್ರಿ ಉಪವಾಸವಿದ್ದು, ಬೆಳಿಗ್ಗೆ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕುಡಿದು, ಎರಡು ಗಂಟೆಗಳ ನಂತರ ಮತ್ತೆ ರಕ್ತ ಕೊಡುವ ಪರೀಕ್ಷೆ ಅದು. ಎರಡನೆಯ ಅಳತೆ (ಡೆಸಿಲೀಟರ್ ರಕ್ತಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ) 140ರಿಂದ 199ರ ನಡುವೆ ಇದ್ದರೆ ದೇಹ ಗ್ಲೂಕೋಸನ್ನು ನಿಭಾಯಿಸಲು ಸೋಲುತ್ತಿದೆ ಎಂದರ್ಥ. 200 ಮತ್ತು ಮೇಲಿದ್ದರೆ ಸಕ್ಕರೆ ಕಾಯಿಲೆಯ ಮಟ್ಟ. ಬರಿಹೊಟ್ಟೆಯ ಅಳತೆ ಸರಿಯಾಗಿದ್ದು ಎರಡನೆಯದು ಮಾತ್ರ ಏರಿರುವವರು ಪಿಸಿಒಎಸ್‌ನಲ್ಲಿ ಸಾಕಷ್ಟು ಮಂದಿ ಇರುವುದರಿಂದ, ಎರಡು ಗಂಟೆ ಕಾಯುವ ಬೇಸರಕ್ಕೆ ಈ ಪರೀಕ್ಷೆಯನ್ನು ಬಿಡಬೇಡಿ.

ಚಿಕಿತ್ಸೆಯ ಮಾತಿಗೆ ಬಂದರೆ ನಾನು ಮಾತ್ರೆಗಿಂತ ಮೊದಲು ಸ್ನಾಯುವಿನ ಬಗ್ಗೆ ಹೇಳುತ್ತೇನೆ. ಊಟದ ನಂತರ ಗ್ಲೂಕೋಸನ್ನು ಹೀರಿಕೊಳ್ಳುವುದರಲ್ಲಿ ದೊಡ್ಡ ಪಾಲು ಸ್ನಾಯುಗಳದ್ದು. ಸ್ನಾಯು ದುಡಿಯುವಾಗ, ಇನ್ಸುಲಿನ್ ಹೇಳಲಿ ಬಿಡಲಿ, ಗ್ಲೂಕೋಸನ್ನು ತನ್ನಷ್ಟಕ್ಕೆ ಒಳಗೆಳೆದುಕೊಳ್ಳುತ್ತದೆ. ಅಜ್ಜನ ಕಿವಿ ಮಂದವಾಗಿದ್ದರೂ ಕೈಹಿಡಿದು ಎಬ್ಬಿಸಿದರೆ ಏಳುತ್ತಾನೆ. ಹೀಗೆ ದುಡಿದ ಸ್ನಾಯು ಆಮೇಲೆ ಹಲವು ಗಂಟೆಗಳ ಕಾಲ ಇನ್ಸುಲಿನ್ನಿನ ಮಾತನ್ನೂ ಚೆನ್ನಾಗಿ ಕೇಳುತ್ತದೆ. ತೂಕದ ಮುಳ್ಳು ಒಂದಿಷ್ಟೂ ಕದಲದಿದ್ದಾಗಲೂ ಈ ಲಾಭ ಸಿಗುತ್ತದೆ, ಅದಕ್ಕಾಗಿಯೇ ಮುಳ್ಳು ನೋಡಿ ನಿರಾಶರಾಗಿ ನಡಿಗೆ ಬಿಡಬೇಡಿ ಎನ್ನುತ್ತೇನೆ. ನಡಿಗೆಯ ಜೊತೆಗೆ ವಾರಕ್ಕೆ ಎರಡು ದಿನವಾದರೂ ಭಾರ ಎತ್ತುವ, ಬಸ್ಕಿ ಹೊಡೆಯುವಂಥ ಬಲದ ವ್ಯಾಯಾಮ ಇರಲಿ. ತೂಕ ಹೆಚ್ಚಿರುವವರಲ್ಲಿ ಶೇ. 5ರಿಂದ 10ರಷ್ಟು ಇಳಿದರೂ ಹಲವರಿಗೆ ಮುಟ್ಟು ಹಿಂದಿರುಗುತ್ತದೆ. ಎಪ್ಪತ್ತು ಕಿಲೋ ಇರುವವರು ಐವತ್ತಕ್ಕೆ ಇಳಿಯಬೇಕಾಗಿಲ್ಲ.

ಊಟದ ವಿಷಯದಲ್ಲಿ ನಮ್ಮ ಕಡೆ ಒಂದು ನಂಬಿಕೆ ಗಟ್ಟಿಯಾಗಿದೆ, ಅನ್ನ ಬಿಟ್ಟು ರಾಗಿ ತಿಂದರೆ ಸಕ್ಕರೆಯ ಚಿಂತೆ ಇಲ್ಲವೆಂದು. ರಾಗಿ ಒಳ್ಳೆಯ ಧಾನ್ಯ, ಅದರಲ್ಲಿ ನಾರಿದೆ, ಸುಣ್ಣದ ಅಂಶ ಧಾರಾಳವಾಗಿದೆ. ಆದರೆ ರಾಗಿಯ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ, ಅಂಗೈ ತುಂಬುವ ಎರಡು ಮುದ್ದೆ ನುಂಗಿದರೆ ಗ್ಲೂಕೋಸ್ ಏರದೆ ಇರುವುದಿಲ್ಲ. ಬಸ್ಸಾರು ಮಾಡಿದ ದಿನದ ತಟ್ಟೆಯನ್ನು ನೆನಪಿಸಿಕೊಳ್ಳಿ: ನಡುವೆ ದೊಡ್ಡ ಮುದ್ದೆ, ಸುತ್ತ ಕಟ್ಟಿನ ಸಾರು, ಅಂಚಿನಲ್ಲಿ ಒಂದು ಚಮಚ ಕಾಳು ಮತ್ತು ಸೊಪ್ಪಿನ ಪಲ್ಯ. ಅಡುಗೆ ಬದಲಿಸಬೇಕಾಗಿಲ್ಲ, ಅಳತೆ ತಿರುವುಮುರುವಾದರೆ ಸಾಕು. ಮುದ್ದೆ ನಿಂಬೆಗಿಂತ ಸ್ವಲ್ಪ ದೊಡ್ಡದಿರಲಿ, ಹುರುಳಿಯೋ ಅಲಸಂದೆಯೋ ಅವರೆಯೋ ಆದ ಕಾಳಿನ ಪಲ್ಯ ಬಟ್ಟಲು ತುಂಬ ಇರಲಿ, ಅದನ್ನೇ ಮೊದಲು ತಿನ್ನಿ. ಮನೆಯಲ್ಲಿ ಮೊಟ್ಟೆ, ಮೀನು ತಿನ್ನುವವರಾದರೆ ಅದರ ಒಂದು ಪಾಲು ಮಗಳ ತಟ್ಟೆಗೂ ಬೀಳಲಿ. ಗಂಡುಮಕ್ಕಳ ಪಾಲಿಗೆ ಮಾತ್ರ ಮೀಸಲಾಗುವುದು ಬೇಡ.

ಮೆಟ್‌ಫಾರ್ಮಿನ್ ಎಂಬ ಮಾತ್ರೆಯನ್ನು ಕೆಲವರಿಗೆ ಬರೆಯುತ್ತೇವೆ. ಸಕ್ಕರೆ ಕಾಯಿಲೆಯ ಮಾತ್ರೆ ನನಗೇಕೆ ಎಂದು ಹೆದರುವುದು ಬೇಡ. ಅದು ಪಿತ್ತಜನಕಾಂಗ ಸಕ್ಕರೆ ತಯಾರಿಸುವುದನ್ನು ತಗ್ಗಿಸಿ ಇನ್ಸುಲಿನ್ ಹೊರೆಯನ್ನು ಇಳಿಸುತ್ತದೆ. ಮೊದಮೊದಲು ಹೊಟ್ಟೆ ತೊಳಸುವುದು, ಭೇದಿ ಆಗುವುದು ಸಾಮಾನ್ಯ. ಬಹುಕಾಲ ತೆಗೆದುಕೊಂಡರೆ ಬಿ12 ಕಡಿಮೆಯಾಗಬಹುದಾದ್ದರಿಂದ ಸಸ್ಯಾಹಾರಿಗಳು ಅದನ್ನು ಪರೀಕ್ಷಿಸಿಕೊಳ್ಳಬೇಕು. ಮಕ್ಕಳಾಗಲು ಇದೊಂದೇ ಸಾಕೆಂದು ನಂಬಬಾರದು. 2007ರಲ್ಲಿ ಅಮೆರಿಕದಲ್ಲಿ 626 ಮಹಿಳೆಯರ ಮೇಲೆ ನಡೆದ ಪರೀಕ್ಷೆಯಲ್ಲಿ ಅಂಡ ಬಿಡುಗಡೆಗೆಂದು ಕೊಡುವ ಕ್ಲೊಮಿಫೀನ್ ಎಂಬ ಮಾತ್ರೆ ಪಡೆದವರಲ್ಲಿ ಶೇ. 22.5 ಮಂದಿಗೆ ಮಗುವಾಯಿತು, ಮೆಟ್‌ಫಾರ್ಮಿನ್ ಮಾತ್ರ ಪಡೆದವರಲ್ಲಿ ಶೇ. 7.2. 2014ರ ಇನ್ನೊಂದು ಪರೀಕ್ಷೆಯಲ್ಲಿ ಲೆಟ್ರೊಜೋಲ್ ಎಂಬ ಮತ್ತೊಂದು ಮಾತ್ರೆ ಕ್ಲೊಮಿಫೀನನ್ನೂ ಮೀರಿಸಿತು, ಈಗ ಅಂಡ ಬಿಡುಗಡೆಗೆ ಮೊದಲ ಆಯ್ಕೆ ಅದೇ.

ಉಪನ್ಯಾಸದ ಬಳಿಕ ಬಂದ ಮೂರು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಮುಟ್ಟು ಬರದಿದ್ದರೆ ಕೆಟ್ಟ ರಕ್ತ ಒಳಗೇ ಉಳಿಯುತ್ತದೆಯೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಕೆಟ್ಟ ರಕ್ತವೆಂಬುದು ಇಲ್ಲ, ಒಳಗೆ ಶೇಖರವಾಗುವುದೂ ಇಲ್ಲ. ಆದರೆ ಅಂಡ ಬಿಡುಗಡೆಯಾಗದಿದ್ದಾಗ, ಗರ್ಭಕೋಶದ ಒಳಪದರ ಮಿತಿಮೀರಿ ಬೆಳೆಯದಂತೆ ತಡೆಯುವ ಪ್ರೊಜೆಸ್ಟಿರೋನ್ ಎಂಬ ಹಾರ್ಮೋನು ಹುಟ್ಟುವುದಿಲ್ಲ, ಈಸ್ಟ್ರೊಜೆನ್ ಮಾತ್ರ ಕೆಲಸ ಮಾಡುತ್ತಾ ಆ ಪದರವನ್ನು ದಪ್ಪಗೆ ಬೆಳೆಸುತ್ತಾ ಹೋಗುತ್ತದೆ. ಇದು ವರ್ಷಗಟ್ಟಲೆ ನಡೆದರೆ ಆ ಪದರದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಆದ್ದರಿಂದ 90 ದಿನ ಕಳೆದರೂ ಮುಟ್ಟಾಗದಿದ್ದರೆ ವೈದ್ಯರನ್ನು ಕಾಣಲೇಬೇಕು.

ಮದುವೆ ಮಾಡಿದರೆ ಸರಿಹೋಗುತ್ತದಂತೆ, ಹೌದೇ ಎಂದು ಹಿರಿಯರೊಬ್ಬರು ಕೇಳಿದರು. ಹೋಗುವುದಿಲ್ಲ, ಅಮ್ಮ. ಮದುವೆಯಿಂದ ಇನ್ಸುಲಿನ್ ಇಳಿಯುವುದಿಲ್ಲ. ಗರ್ಭ ಧರಿಸಿದಾಗ ಇನ್ಸುಲಿನ್ ಪ್ರತಿರೋಧ ಇನ್ನೂ ಹೆಚ್ಚುವುದರಿಂದ ಗರ್ಭಿಣಿಯರ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವರಲ್ಲಿ ಹೆಚ್ಚು. ಮೊದಲೇ ಗ್ಲೂಕೋಸ್ ಪರೀಕ್ಷೆ ಮಾಡಿಸಿರಬೇಕು.

ಇದು ವಂಶದಲ್ಲಿ ಬರುತ್ತದೆಯೇ ಎಂಬುದು ಕೊನೆಯ ಪ್ರಶ್ನೆ. ಬರುತ್ತದೆ, ಅಕ್ಕತಂಗಿಯರಲ್ಲಿ ಕಾಣುವುದು ಸಾಮಾನ್ಯ. ನಾನು ಮೊದಲಿಗೆ ಹೇಳಿದ ಆ ಹುಡುಗಿಯ ತಾಯಿಗೆ, ಕುತ್ತಿಗೆ ಉಜ್ಜಿದ್ದು ಸಾಕು, ಅದು ಕೊಳೆಯಲ್ಲ ಎಂದು ಬಿಡಿಸಿ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಸೆರಗನ್ನು ಸರಿಸಿ ತಮ್ಮ ಕುತ್ತಿಗೆಯನ್ನು ತೋರಿಸಿದರು. "ಇದು ಸರ ಹಾಕಿ ಹಾಕಿ ಆಗಿದ್ದು ಅಂದ್ಕೊಂಡಿದ್ದೆ" ಎಂದರು. ಅದೇ ಕಪ್ಪು, ಮಗಳದಕ್ಕಿಂತ ದಪ್ಪ. ಮರುದಿನ ಬೆಳಿಗ್ಗೆ ತಾಯಿ ಮಗಳಿಬ್ಬರೂ ಬರಿಹೊಟ್ಟೆಯಲ್ಲಿ ಬಂದು ಒಂದೇ ಬೆಂಚಿನ ಮೇಲೆ ಕುಳಿತು ಗ್ಲೂಕೋಸ್ ನೀರು ಕುಡಿದರು. ಎರಡು ಗಂಟೆಗಳ ನಂತರ ಮಗಳ ಸಕ್ಕರೆ 156 ಇತ್ತು, ತಾಯಿಯದು 238.